ಹಾಡು ಬಿಟ್ಟಾಯ್ತು, ಇನ್ನು ಫೋನು ಬಿಡು

ಹಾಡು ಹೊರಬಂದು ಒಂದು ರಾತ್ರಿ ಕಳೆದಿಲ್ಲ, ಆಗಲೇ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೀಯಲ್ಲ ಮಗೂ! ಎಷ್ಟು ಜನ ಕೇಳಿದರು, ಎಷ್ಟು ಜನ ಡೌನ್‌ಲೋಡ್ ಮಾಡಿದರು, ಚಾರ್ಟ್‌ನಲ್ಲಿ ಎಷ್ಟನೇ ನಂಬರು ಎಂದು ಫೋನು ಉಜ್ಜಿ ಉಜ್ಜಿ ಹೆಬ್ಬೆರಳು ಸವೆದೀತು. ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದರೆ ಅನ್ನ ಬೇಯುವುದು ಯಾವಾಗ? ನಿನ್ನ ದನಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತಾಳ್ಮೆಗೆ ಮಾತ್ರ ಬರ.

ನೀನು ಇಷ್ಟೊಂದು ಹೆದರುವ ಆ ಚಾರ್ಟ್ ಹುಟ್ಟಿದ್ದು ಹೇಗೆ, ಗೊತ್ತಾ? 1952ರ ನವೆಂಬರಿನಲ್ಲಿ ಇಂಗ್ಲೆಂಡಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯವರು ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವ ರೆಕಾರ್ಡು ಜಾಸ್ತಿ ಹೋಯ್ತು ಅಂತ ಕೇಳಿ ಬರೆದುಕೊಂಡರು. ಅಲ್ಲಿನ ಮೊದಲ ಪಟ್ಟಿ ಅದೇ. ಆಮೇಲೆ ಲೆಕ್ಕದ ರೀತಿ ಬದಲಾಗುತ್ತಲೇ ಬಂತು. 2005ರಲ್ಲಿ ಡೌನ್‌ಲೋಡ್ ಸೇರಿತು. ಮರುವರ್ಷ ನಾರ್ಲ್ಸ್ ಬಾರ್ಕ್ಲಿ ಜೋಡಿಯ ‘ಕ್ರೇಜಿ’ ಹಾಡು ಸಿ.ಡಿ. ಅಂಗಡಿಗೆ ಬರುವ ಮೊದಲೇ, ಬರೀ ಡೌನ್‌ಲೋಡಿನ ಬಲದಿಂದ ತುದಿಗೇರಿತು. 2014ರಲ್ಲಿ ಸ್ಟ್ರೀಮಿಂಗೂ ಸೇರಿತು. ಲೆಕ್ಕ ಬರೆಯುವವರು ಅವರು, ಕಟ್ಟಳೆ ಹಾಕುವವರೂ ಅವರೇ. ಅದಕ್ಕೆ ನೀನೇಕೆ ನಿದ್ದೆ ಕೆಡಿಸಿಕೊಳ್ಳುತ್ತೀ?

ಮರಾಯಾ ಕ್ಯಾರಿ 1994ರಲ್ಲಿ ಒಂದು ಕ್ರಿಸ್‌ಮಸ್ ಹಾಡು ಹಾಡಿದಳು. ಅದನ್ನು ಬಿಡಿಯಾಗಿ ಮಾರಲಿಲ್ಲವೆಂದು ಅಮೆರಿಕದ ‘ಹಾಟ್ 100’ ಪಟ್ಟಿಯಲ್ಲಿ ಆಗ ಅದಕ್ಕೆ ಜಾಗವೇ ಇರಲಿಲ್ಲ. ಮೊದಲ ಸ್ಥಾನ ಸಿಕ್ಕಿದ್ದು 2019ರ ಡಿಸೆಂಬರಿನಲ್ಲಿ. ಕೇಟ್ ಬುಷ್ 1985ರಲ್ಲಿ ಹಾಡಿದ ‘ರನ್ನಿಂಗ್ ಅಪ್ ದಟ್ ಹಿಲ್’ ಬ್ರಿಟನ್ನಿನಲ್ಲಿ ಆಗ ಮೂರನೆಯದಕ್ಕೇ ನಿಂತಿತ್ತು. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಮಕ್ಕಳು ಅದನ್ನು ಕೇಳಿದ್ದೇ ತಡ, 2022ರಲ್ಲಿ ಒಂದನೆಯದಾಯಿತು. ಅದೇ ಹಾಡು, ಅದೇ ದನಿ, ಹೊಸ ಕಿವಿಗಳು. ನೀನು ಒಂದು ರಾತ್ರಿಗೇ ಉಸ್ಸಪ್ಪಾ ಅಂತೀಯ!

ಇನ್ನು, ದುಡ್ಡು ಕೊಟ್ಟರೆ ಲಕ್ಷ ವ್ಯೂಸ್ ಕೊಡಿಸುತ್ತೇನೆ ಅನ್ನುವವನು ಬಂದಾನು. ಹೊಸಿಲು ದಾಟಿಸಬೇಡ. ಬಾಡಿಗೆ ಚಪ್ಪಾಳೆಗೆ ಒಂದು ಸಾಲೂ ನೆನಪಿರುವುದಿಲ್ಲ. 30 ಸೆಕೆಂಡು ಕೇಳಿದರಷ್ಟೇ ಸ್ಪಾಟಿಫೈನಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ಹಾಡಿನ ತಲೆಯನ್ನೇ ಕತ್ತರಿಸಲೂ ಹೋಗಬೇಡ. ಹಾಗೇ, ಕೆಲಸಕ್ಕೆ ರಾಜೀನಾಮೆ ಬರೆಯುವ ಮುಂಚೆ ಇದನ್ನೂ ತಿಳಿದುಕೋ: 2024ರಿಂದ ಅಲ್ಲಿ ವರ್ಷಕ್ಕೆ 1,000 ಸಲವಾದರೂ ಓಡದ ಹಾಡಿನ ರೆಕಾರ್ಡಿಂಗಿಗೆ ರಾಯಲ್ಟಿ ಇಲ್ಲ.

ಓದಲೇಬೇಕಾದ್ದು ಒಂದಿದೆ, ಅದನ್ನು ಮಾತ್ರ ನೀನು ಓದುವುದಿಲ್ಲ: ಕರಾರು ಪತ್ರ. ಟೇಲರ್ ಸ್ವಿಫ್ಟ್‌ನಂಥವಳಿಗೇ ತನ್ನ ಮೊದಲ ಆಲ್ಬಮ್‌ಗಳ ರೆಕಾರ್ಡಿಂಗ್ ಮೇಲೆ ಒಡೆತನ ಇರಲಿಲ್ಲ. 2021ರಿಂದ ಒಂದೊಂದಾಗಿ ಹಳೆಯ ಹಾಡುಗಳನ್ನು ಮತ್ತೆ ಹಾಡಿ ಬಿಡುಗಡೆ ಮಾಡಬೇಕಾಯಿತು. ಆದ್ದರಿಂದ ರುಜು ಹಾಕುವ ಮುಂಚೆ, ರೆಕಾರ್ಡಿಂಗ್ ಯಾರದ್ದು, ಬರುವ ದುಡ್ಡಲ್ಲಿ ಯಾರಿಗೆಷ್ಟು ಅಂತ ಬಾಯಿಬಿಟ್ಟು ಕೇಳು. ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ. ನಿನಗೆ ಕೀಬೋರ್ಡು ನುಡಿಸಿದ ಹುಡುಗನ ಹೆಸರನ್ನೂ ಹಾಕು, ಕಾಸನ್ನೂ ಕೊಡು. ಮುಂದಿನ ಹಾಡಿಗೂ ಅವನು ಬೇಕು.

ಹೌದು, ಮುಂದಿನ ಹಾಡು. ನಾಳೆ ಬೆಳಿಗ್ಗೆ ಶ್ರುತಿ ಹಾಕಿಕೊಂಡು ಕೂರು. ತಾರ ಸ್ಥಾಯಿಗೆ ಹೋದಾಗ ಇನ್ನೂ ಜಾರುತ್ತೀಯ. ಇದನ್ನು ನಿನ್ನ ಯಾವ ಆ್ಯಪೂ ಹೇಳುವುದಿಲ್ಲ, ನಾನೇ ಹೇಳಬೇಕು.