ಓದಿದ ಮೇಲೆ ಒಪ್ಪಿಗೆ: ಠರಾವಿಗೆ ಕೈ ಎತ್ತುವ ಮುನ್ನ

ಶಾಸನಸಭೆಯಲ್ಲಿ ಮಸೂದೆಯೊಂದು ಅಂಗೀಕಾರವಾಗಲು ಮೂರು ‘ವಾಚನ’ಗಳನ್ನು ದಾಟಬೇಕು. ಮೊದಲನೆಯದು ಮಂಡನೆ, ಎರಡನೆಯದು ಖಂಡವಾರು ಪರಿಶೀಲನೆ, ಮೂರನೆಯದು ಅಂಗೀಕಾರ. ಈ ಹೆಸರು ಬ್ರಿಟಿಷ್ ಸಂಸತ್ತಿನಿಂದ ಬಂದದ್ದು. ಮುದ್ರಣ ಬಳಕೆಗೆ ಬಾರದ ಕಾಲದಲ್ಲಿ ಎಲ್ಲ ಸದಸ್ಯರಿಗೂ ಮಸೂದೆಯ ಪ್ರತಿ ನೀಡುವುದು ಸಾಧ್ಯವಿರಲಿಲ್ಲ; ಆದುದರಿಂದ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಾಗುತ್ತಿತ್ತು. ಇಂದು ಹೆಸರು ಉಳಿದಿದೆ, ಓದು ಕಡಿಮೆಯಾಗಿದೆ. ಮತ ನೀಡುವವರು ಮಸೂದೆಯನ್ನು ಪೂರ್ಣವಾಗಿ ಓದಲೇಬೇಕೇ ಎಂಬ ಪ್ರಶ್ನೆ ಗ್ರಾಮ ಪಂಚಾಯಿತಿ ಸಭೆಗೂ ಅನ್ವಯಿಸುತ್ತದೆ.

1. ಸಂಸತ್ತಿನ ಅನುಭವ

ಸಂವಿಧಾನದ ಕರಡಿಗೆ 7,635 ತಿದ್ದುಪಡಿಗಳ ಸೂಚನೆ ಬಂದಿತ್ತೆಂದೂ, ಅವುಗಳಲ್ಲಿ 2,473 ಸಭೆಯಲ್ಲಿ ಮಂಡನೆಯಾದುವೆಂದೂ ಡಾ. ಬಿ.ಆರ್. ಅಂಬೇಡ್ಕರ್ ಅವರು 1949ರ ನವೆಂಬರ್ 25ರ ಭಾಷಣದಲ್ಲಿ ತಿಳಿಸಿದರು. ಕರಡನ್ನು ಓದದವರು ತಿದ್ದುಪಡಿ ಸೂಚಿಸಲಾರರು. ಇದಕ್ಕೆ ವ್ಯತಿರಿಕ್ತವಾಗಿ, 2018ರ ಮಾರ್ಚ್ 14ರಂದು ಲೋಕಸಭೆಯು ಹಣಕಾಸು ಮಸೂದೆಯನ್ನು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕರಿಸಿತು.

ಪೂರ್ಣ ಓದು ಸಾಧ್ಯವಿಲ್ಲ ಎನ್ನುವವರು ಎರಡು ಕಾರಣಗಳನ್ನು ಮುಂದಿಡುತ್ತಾರೆ. ಮಸೂದೆಗಳು ದೀರ್ಘವೂ ಜಟಿಲವೂ ಆಗಿರುತ್ತವೆ ಎಂಬುದು ಮೊದಲನೆಯದು. 1993ರಲ್ಲಿ ಸಂಸತ್ತು ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ರಚಿಸಿದ್ದು ಈ ಹೊರೆಯನ್ನು ಹಂಚಿಕೊಳ್ಳುವ ಒಂದು ಮಾರ್ಗ. ಎರಡನೆಯದು ಪಕ್ಷದ ಸಚೇತಕಾಜ್ಞೆ, ಅಂದರೆ ವಿಪ್. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯಂತೆ, ವಿಪ್ ಮೀರಿ ಮತ ನೀಡಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಓದಿದರೂ ಸ್ವಂತ ನಿರ್ಧಾರಕ್ಕೆ ಅವಕಾಶವಿಲ್ಲದಿದ್ದರೆ ಓದುವ ಆಸಕ್ತಿ ಕುಗ್ಗುವುದು ಸಹಜ.

2. ಪಂಚಾಯಿತಿಗೆ ಈ ನೆಪಗಳಿಲ್ಲ

ಸಾಮಾನ್ಯ ಸಭೆಯ ಕಾರ್ಯಸೂಚಿ ಕೆಲವೇ ಪುಟಗಳದ್ದು. ಕ್ರಿಯಾ ಯೋಜನೆ ಸೇರಿದರೂ ಒಂದು ಸಂಜೆಯ ಓದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಸದಸ್ಯರ ಮತ ಯಾವ ವಿಪ್‌ಗೂ ಅಧೀನವಲ್ಲ. ಆದ್ದರಿಂದ ಸಂಸದರು ಹೇಳಬಹುದಾದ ಕಾರಣಗಳನ್ನು ಪಂಚಾಯಿತಿ ಸದಸ್ಯರು ಹೇಳಲು ಬರುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ: ಕ್ರಿಯಾ ಯೋಜನೆಯಲ್ಲಿ ‘ಪರಿಶಿಷ್ಟ ಜಾತಿ ಕಾಲೊನಿಗೆ ಚರಂಡಿ ನಿರ್ಮಾಣ’ ಎಂಬ ಶೀರ್ಷಿಕೆಯಿದೆ. ಸಭೆಯಲ್ಲಿ ಶೀರ್ಷಿಕೆಯನ್ನಷ್ಟೇ ಓದಲಾಗುತ್ತದೆ; ಎಲ್ಲರೂ ಕೈ ಎತ್ತುತ್ತಾರೆ. ಅಂದಾಜು ಪಟ್ಟಿಯಲ್ಲಿ ಕಾಮಗಾರಿ ಬಸ್ ನಿಲ್ದಾಣದಿಂದ 180 ಮೀಟರ್ ಎಂದಿದೆ. ಕಾಲೊನಿ ಆರಂಭವಾಗುವುದು 200 ಮೀಟರ್ ದೂರದಲ್ಲಿ. ಹೀಗಾದರೆ ಹಣ ಕಾಲೊನಿಯ ಹೆಸರಿನಲ್ಲಿ ಖರ್ಚಾಗುತ್ತದೆ, ಊರಿನ ಕೊಳಚೆ ನೀರು ಕಾಲೊನಿಯ ಬಾಯಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ನಿವಾಸಿಗಳು ದೂರು ತಂದಾಗ ನಡವಳಿ ಪುಸ್ತಕದಲ್ಲಿ ಕಾಣುವುದು ‘ಸರ್ವಾನುಮತದಿಂದ ಅನುಮೋದಿಸಲಾಯಿತು’ ಎಂಬ ಒಂದೇ ಸಾಲು. ಆ ವಾರ್ಡಿನ ಸದಸ್ಯರ ಸಹಿಯೂ ಅದರ ಕೆಳಗಿರುತ್ತದೆ.

3. ಪಾಲಿಸಬೇಕಾದ ಕ್ರಮ

ಅ) ಸಭಾ ಸೂಚನೆಯೊಂದಿಗೆ ವಿಷಯವಾರು ಟಿಪ್ಪಣಿಯನ್ನೂ ಕೇಳಿ ಪಡೆಯಬೇಕು. ಶೀರ್ಷಿಕೆಗಳ ಪಟ್ಟಿಯಷ್ಟೇ ಸಾಲದು.

ಆ) ಪ್ರತಿ ಠರಾವಿನಲ್ಲಿ ಐದು ಅಂಶಗಳನ್ನು ಗುರುತಿಸಬೇಕು: ಕೆಲಸ ಯಾವುದು, ಎಲ್ಲಿಂದ ಎಲ್ಲಿಯವರೆಗೆ, ಮೊತ್ತ ಎಷ್ಟು, ಯಾವ ಅನುದಾನ, ಜವಾಬ್ದಾರಿ ಯಾರದು.

ಇ) ‘ಘಟನೋತ್ತರ ಅನುಮೋದನೆ’ ಹಾಗೂ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಶೀರ್ಷಿಕೆಗಳಡಿ ಬರುವುದನ್ನು ಹೆಚ್ಚು ಎಚ್ಚರದಿಂದ ಓದಬೇಕು. ಮುಂಚಿತವಾಗಿ ಓದಲು ಅವಕಾಶ ಸಿಗದ ವಿಷಯಗಳು ಸಾಮಾನ್ಯವಾಗಿ ಇಲ್ಲಿಯೇ ಇರುತ್ತವೆ.

ಈ) ಸ್ಥಾಯಿ ಸಮಿತಿ ಪರಿಶೀಲಿಸಿದ ವಿಷಯವಾದರೆ ಅದರ ಅಭಿಪ್ರಾಯವನ್ನು ಕೇಳಬೇಕು. ಸಮಿತಿಯ ವರದಿ ಓದಿಗೆ ನೆರವಾಗುತ್ತದೆ. ಸದಸ್ಯರ ಹೊಣೆಯನ್ನು ಅದು ಇಳಿಸುವುದಿಲ್ಲ.

ಉ) ಭಿನ್ನಾಭಿಪ್ರಾಯವಿದ್ದರೆ ಅದನ್ನು ನಡವಳಿಯಲ್ಲಿ ದಾಖಲಿಸಲು ಕೋರಬೇಕು. ಖಾಲಿ ಪುಟಕ್ಕೆ ಸಹಿ ಹಾಕಬಾರದು.

4. ಓದಲು ಕಷ್ಟವಿರುವ ಸದಸ್ಯರಿಗೆ

ಅಕ್ಷರ ಬಾರದಿರುವುದು ಸದಸ್ಯತ್ವಕ್ಕೆ ಕುಂದಲ್ಲ. ‘ವಾಚನ’ ಎಂಬ ಪದ್ಧತಿ ಹುಟ್ಟಿದ್ದೇ ಕೈಯಲ್ಲಿ ಪ್ರತಿ ಇಲ್ಲದವರಿಗಾಗಿ. ಠರಾವನ್ನು ಪೂರ್ಣವಾಗಿ, ನಿಧಾನವಾಗಿ ಓದಿ ಹೇಳುವಂತೆ ಯಾವ ಸದಸ್ಯರಾದರೂ ಸಂಕೋಚವಿಲ್ಲದೆ ಕೇಳಬಹುದು. ಟಿಪ್ಪಣಿಯನ್ನು ಮನೆಯಲ್ಲಿ ಮಕ್ಕಳಿಂದಲೋ ಪತಿಯಿಂದಲೋ ಓದಿಸಿಕೊಂಡರೆ ತಪ್ಪಿಲ್ಲ. ಆದರೆ ನಿರ್ಧಾರ ಮತ್ತು ಸಹಿ ಚುನಾಯಿತ ಸದಸ್ಯೆಯದೇ ಆಗಿರಬೇಕು.

ಸಂಸತ್ತಿನ ಸಾವಿರ ಪುಟಗಳನ್ನು ಒಬ್ಬರೇ ಓದುವುದು ಕಷ್ಟವೆಂದು ಒಪ್ಪಬಹುದು. ಪಂಚಾಯಿತಿಯ ಹತ್ತು ಪುಟಗಳಿಗೆ ಆ ರಿಯಾಯಿತಿ ಸಲ್ಲದು. ಅದರ ಪರಿಣಾಮ ಬೀಳುವುದು ಸದಸ್ಯರು ದಿನವೂ ನಡೆದಾಡುವ ಬೀದಿಯ ಮೇಲೆಯೇ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಸಭೆಯ ಠರಾವುಗಳಲ್ಲಿ ಪೂರ್ಣವಾಗಿ ಓದಲಾದವು ಎಷ್ಟು?
2. ‘ಇತರೆ ವಿಷಯಗಳು’ ಅಡಿಯಲ್ಲಿ ಹಣ ವೆಚ್ಚಕ್ಕೆ ಸಂಬಂಧಿಸಿದ ವಿಷಯ ಬಂದಿತ್ತೇ?
3. ತಮ್ಮ ವಾರ್ಡಿನ ಕಾಮಗಾರಿಯ ಅಂದಾಜು ಪಟ್ಟಿಯನ್ನು ಸದಸ್ಯರು ಸ್ಥಳದಲ್ಲಿ ನಿಂತು ತಾಳೆ ನೋಡಿದ್ದಾರೆಯೇ?