ರಂಗಪಾಠ: ಮರೆಯಾಗುತ್ತಿರುವ ಪರಂಪರೆಯನ್ನು ಪಾತ್ರವಾಗಿಸುವುದು ಹೇಗೆ?



ಕಾಲೇಜು ನಾಟಕಗಳಲ್ಲಿ ‘ನಮ್ಮ ಪರಂಪರೆ ಉಳಿಸಿ’ ಎಂಬ ವಿಷಯ ಬಂದಾಗ ಸಾಮಾನ್ಯವಾಗಿ ಒಂದೇ ಬಗೆಯ ಅಜ್ಜ ರಂಗಕ್ಕೆ ಬರುತ್ತಾನೆ. ಬೆನ್ನು ಬಾಗಿದೆ, ಕೈಯಲ್ಲಿ ಕೋಲಿದೆ, ಹತ್ತಿಯ ಗಡ್ಡವಿದೆ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಶುರು ಮಾಡುತ್ತಾನೆ, ಮೊಬೈಲನ್ನು ಬೈಯುತ್ತಾನೆ, ಕೊನೆಗೆ ಕೆಮ್ಮುತ್ತಾ ಕುಸಿಯುತ್ತಾನೆ. ಚಪ್ಪಾಳೆ ಬೀಳುತ್ತದೆ. ಆದರೆ ಹೊರಗೆ ಬಂದ ಪ್ರೇಕ್ಷಕನನ್ನು ‘ಆ ಅಜ್ಜನ ಜೊತೆ ಹೋದದ್ದು ಏನು?’ ಎಂದು ಕೇಳಿದರೆ ಅವನಿಗೆ ಉತ್ತರ ತೋಚುವುದಿಲ್ಲ. ಅಜ್ಜ ದುಃಖಪಟ್ಟದ್ದನ್ನು ಅವನು ನೋಡಿದ್ದಾನೆ, ಅಜ್ಜನ ವಿದ್ಯೆಯನ್ನು ನೋಡಿಲ್ಲ.

ಈ ಪಾಠದ ತಿರುಳು ಇಷ್ಟೇ: ಪರಂಪರೆಗಾಗಿ ಅಳುವ ಪಾತ್ರಕ್ಕಿಂತ ಪರಂಪರೆಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವ ಪಾತ್ರ ಗಟ್ಟಿಯಾಗಿರುತ್ತದೆ. ಇದನ್ನು ಮೊದಲು ಒಂದು ಪ್ರಸಿದ್ಧ ನಾಟಕದ ಮೂಲಕ ನೋಡೋಣ. ನಂತರ ನಮ್ಮ ರಾಜ್ಯದ ಬೀದರಿನ ಒಂದು ಕಸುಬನ್ನು ಆರಿಸಿಕೊಂಡು ನಾವೇ ಒಂದು ಪಾತ್ರವನ್ನು ಕಟ್ಟೋಣ.

ಚೆಕಾಫ್‌ನ ಮುದಿ ಸೇವಕ

ರಷ್ಯಾದ ಲೇಖಕ ಆಂಟನ್ ಚೆಕಾಫ್ ಬರೆದ ಕೊನೆಯ ನಾಟಕ ‘ದಿ ಚೆರ್ರಿ ಆರ್ಚರ್ಡ್’. ಮಾಸ್ಕೋ ಆರ್ಟ್ ಥಿಯೇಟರ್ ಇದನ್ನು 1904ರಲ್ಲಿ ಮೊದಲ ಬಾರಿಗೆ ಆಡಿತು. ಸಾಲದಲ್ಲಿ ಮುಳುಗಿದ ಜಮೀನ್ದಾರಿ ಮನೆತನವೊಂದು ತನ್ನ ಹಳೆಯ ಚೆರ್ರಿ ತೋಟವನ್ನು ಕಳೆದುಕೊಳ್ಳುವ ಕಥೆ ಅದು. ಆ ಮನೆಯಲ್ಲಿ ಫಿರ್ಸ್ ಎಂಬ 87 ವರ್ಷದ ಸೇವಕನಿದ್ದಾನೆ. ಅವನಿಗೆ ಇರುವ ಮಾತುಗಳು ಕಡಿಮೆ. ಆದರೂ ನಾಟಕ ನೋಡಿದವರು ಅವನನ್ನು ಮರೆಯುವುದಿಲ್ಲ. ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಕಳೆದುಹೋಗಿರುವುದು ಏನೆಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಹಿಂದೆ ಚೆರ್ರಿ ಹಣ್ಣನ್ನು ಒಣಗಿಸಿ, ನೆನೆಹಾಕಿ, ಜಾಮ್ ಮಾಡಿ, ಗಾಡಿಗಳಲ್ಲಿ ಮಾಸ್ಕೋಗೂ ಖಾರ್ಕಿವ್‌ಗೂ ಕಳಿಸುತ್ತಿದ್ದರು, ಕೈತುಂಬ ಹಣ ಬರುತ್ತಿತ್ತು ಎಂದು ನೆನೆಯುತ್ತಾನೆ. ಆ ವಿಧಾನ ಈಗ ಯಾರಿಗೆ ಗೊತ್ತು ಎಂದು ಕೇಳಿದಾಗ, ಅದನ್ನು ಎಲ್ಲರೂ ಮರೆತಿದ್ದಾರೆ ಎಂಬುದು ತಿಳಿಯುತ್ತದೆ. ಇಲ್ಲಿ ‘ಸಂಸ್ಕೃತಿ’ ಎಂಬ ದೊಡ್ಡ ಪದವೇ ಬರುವುದಿಲ್ಲ. ಹಣ್ಣನ್ನು ಕಾಪಿಡುವ ಒಂದು ವಿಧಾನ ಹೋಯಿತು, ಅದರ ಜೊತೆ ತೋಟದ ಆದಾಯವೂ ಹೋಯಿತು, ಅಷ್ಟೇ.

ಎರಡನೆಯದು, ಅವನ ಕೈ ಸುಮ್ಮನಿರುವುದಿಲ್ಲ. ಕಾಫಿ ತರುತ್ತಾನೆ, ಬಟ್ಟೆ ಜಾಡಿಸುತ್ತಾನೆ, ಸರಿಯಾದ ಪ್ಯಾಂಟು ಹಾಕಿಲ್ಲವೆಂದು ತಲೆ ನರೆತ ಯಜಮಾನನನ್ನೇ ಗದರಿಸುತ್ತಾನೆ. ಕೊನೆಗೆ ಎಲ್ಲರೂ ಅವನನ್ನು ಆಸ್ಪತ್ರೆಗೆ ಕಳಿಸಲಾಗಿದೆ ಎಂದುಕೊಂಡು ಮನೆಗೆ ಬೀಗ ಹಾಕಿ ಹೊರಟುಬಿಡುತ್ತಾರೆ. ಒಳಗೆ ಉಳಿದ ಫಿರ್ಸ್ ಆಗಲೂ ಯಜಮಾನ ಚಳಿಯ ಕೋಟು ಹಾಕಿಕೊಂಡನೋ ಇಲ್ಲವೋ ಎಂದೇ ಚಿಂತಿಸುತ್ತಾನೆ. ಹೊರಗೆ ಮರಗಳಿಗೆ ಕೊಡಲಿ ಬೀಳುವ ಸದ್ದು ಕೇಳುತ್ತದೆ.

ಮೂರನೆಯದೇ ಮುಖ್ಯ. ಚೆಕಾಫ್ ಫಿರ್ಸ್‌ನನ್ನು ದೇವಮಾನವನನ್ನಾಗಿ ಮಾಡಲಿಲ್ಲ. ರಷ್ಯಾದಲ್ಲಿ 1861ರಲ್ಲಿ ಜೀತದಾಳುಗಳಿಗೆ ಬಿಡುಗಡೆ ಸಿಕ್ಕಿತು. ಫಿರ್ಸ್ ಅದನ್ನೇ ಒಂದು ಕೇಡು ಎಂಬಂತೆ ಮಾತನಾಡುತ್ತಾನೆ. ಅಂದರೆ ಅವನು ಹಂಬಲಿಸುವ ಹಳೆಯ ಕಾಲದಲ್ಲಿ ಪ್ರೀತಿಯೂ ಇತ್ತು, ಗುಲಾಮಗಿರಿಯೂ ಇತ್ತು. ಪ್ರೇಕ್ಷಕನಿಗೆ ಅವನ ಮೇಲೆ ಕನಿಕರ ಹುಟ್ಟುತ್ತದೆ, ಜೊತೆಗೆ ಅವನ ಮಾತನ್ನು ಒಪ್ಪಲೂ ಆಗುವುದಿಲ್ಲ. ತೋಟವನ್ನು ಕೊಳ್ಳುವ ಲೋಪಾಖಿನ್ ಕೂಡ ಖಳನಾಯಕನಲ್ಲ. ಅವನ ತಂದೆ, ತಾತ ಅದೇ ಜಮೀನಿನಲ್ಲಿ ಜೀತದಾಳುಗಳಾಗಿದ್ದವರು. ಹಾಗಾಗಿ ಅವನ ಗೆಲುವಿಗೂ ನ್ಯಾಯವಿದೆ.

ನಮ್ಮ ಪಾತ್ರಕ್ಕೆ ಬೀದರಿನ ಕಸುಬು

ಇನ್ನು ನಮ್ಮ ಕಡೆಗೆ ಬರೋಣ. ಬೀದರಿನ ಬಿದ್ರಿ ಕಲೆ ಬಹಮನಿ ಸುಲ್ತಾನರ ಕಾಲದಿಂದ ಬಂದದ್ದು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಗೌರವ ದೊಡ್ಡದೇ. ಆದರೂ ದಿನವಿಡೀ ನೆಲದ ಮೇಲೆ ಕುಳಿತು ಮಾಡುವ ಈ ಕೆಲಸಕ್ಕೆ ಮುಂದಿನ ತಲೆಮಾರು ಬರುತ್ತದೆಯೇ ಎಂಬ ಪ್ರಶ್ನೆ ಆ ಮನೆಗಳಲ್ಲಿ ಇದ್ದೇ ಇದೆ.

ಪಾತ್ರ ಬರೆಯುವ ಮೊದಲು ಕೆಲಸವನ್ನು ತಿಳಿದುಕೊಳ್ಳಬೇಕು. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ, ಸುಮಾರು 16ಕ್ಕೆ 1ರ ಪ್ರಮಾಣದಲ್ಲಿ ಕರಗಿಸಿ ಅಚ್ಚಿಗೆ ಎರಕ ಹೊಯ್ಯುತ್ತಾರೆ. ಮೈಯನ್ನು ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಗೆರೆ ಕಾಣಲೆಂದು. ಅದರ ಮೇಲೆ ಮೊನೆಯಿಂದ ಹೂ ಬಳ್ಳಿ ಬರೆದು, ಉಳಿಯಿಂದ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಮೇಲಿನ ಕಪ್ಪು ಹೋಗಿ, ಬೆಳ್ಳಿಗೂ ಸತುವಿಗೂ ವ್ಯತ್ಯಾಸವೇ ಕಾಣದಷ್ಟು ಮಂಕಾಗುತ್ತದೆ. ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಎಲ್ಲ ಮಣ್ಣೂ ಇದಕ್ಕೆ ಬರುವುದಿಲ್ಲ. ಬಿಸಿಲು ಮಳೆ ತಾಗದ ಜಾಗದ ಮಣ್ಣು ಬೇಕು. ಅನುಭವಿ ಕುಶಲಕರ್ಮಿಗಳು ಚಿಟಿಕೆ ಮಣ್ಣನ್ನು ನಾಲಿಗೆಗೆ ಇಟ್ಟು ಅದು ಆಗುತ್ತದೋ ಇಲ್ಲವೋ ಎಂದು ಹೇಳುತ್ತಾರೆ. ಗಮನಿಸಿ, ನಮಗೆ ಬೇಕಾದ ಬೀಜ ಇಲ್ಲಿ ಸಿಕ್ಕಿತು. ಫಿರ್ಸ್‌ಗೆ ಹಣ್ಣು ಕಾಪಿಡುವ ವಿಧಾನ ಹೇಗೋ, ನಮ್ಮ ಪಾತ್ರಕ್ಕೆ ಈ ಮಣ್ಣಿನ ರುಚಿ ಹಾಗೆ. ಇದನ್ನು ಪುಸ್ತಕದಲ್ಲಿ ಬರೆದಿಡಲು ಆಗದು. ಒಂದು ನಾಲಿಗೆ ಇನ್ನೊಂದು ನಾಲಿಗೆಗೆ ಕಲಿಸಬೇಕು.

ಪಾತ್ರ ಕಟ್ಟುವ ಐದು ಹೆಜ್ಜೆ

1. ಅವನಿಗೆ ಇವತ್ತು ಏನು ಬೇಕು? ‘ಪರಂಪರೆ ಉಳಿಯಬೇಕು’ ಎಂಬುದನ್ನು ನಟ ಅಭಿನಯಿಸಲಾರ. ‘ರಾತ್ರಿ ಒಂಬತ್ತರ ಬಸ್ಸಿಗೆ ಮೊಮ್ಮಗ ಬೆಂಗಳೂರಿಗೆ ಹೊರಡುವ ಮೊದಲು ಅವನಿಂದ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಬೇಕು’ ಎಂಬುದನ್ನು ಅಭಿನಯಿಸಬಹುದು. ಆಸೆ ಚಿಕ್ಕದಾಗಿರಲಿ, ಗಡುವು ಹತ್ತಿರವಿರಲಿ. ನಮ್ಮ ಪಾತ್ರಕ್ಕೆ ಮೌಲಾಸಾಬ್ ಎಂದೂ ಮೊಮ್ಮಗನಿಗೆ ಸಲೀಂ ಎಂದೂ ಹೆಸರಿಡೋಣ.

2. ಅವನ ಕೈ ಏನು ಮಾಡುತ್ತಿದೆ? ಪರದೆ ಏಳುವಾಗಲೇ ಅವನು ಒಂದು ಹೂದಾನಿಯನ್ನು ಉಜ್ಜುತ್ತಿರಲಿ. ಮಾತಾಡುವುದಕ್ಕಾಗಿ ಕೆಲಸ ನಿಲ್ಲಿಸಬಾರದು. ಒಂದೇ ಒಂದು ಸಲ ಕೈ ನಿಂತರೆ ಸಾಕು, ಏನೋ ಆಗಿದೆ ಎಂದು ಪ್ರೇಕ್ಷಕನಿಗೆ ತಾನಾಗಿ ತಿಳಿಯುತ್ತದೆ.

3. ಎದುರಾಳಿಗೂ ನ್ಯಾಯವಿರಲಿ. ಸಲೀಂ ಮೋಜಿಗಾಗಿ ಊರು ಬಿಡುತ್ತಿಲ್ಲ. ತಂಗಿಯ ಕಾಲೇಜು ಫೀಸು, ಅಂಗಡಿಯ ಬಾಡಿಗೆ ಎರಡೂ ಬಾಕಿ ಇವೆ. ತಿಂಗಳ ಸಂಬಳದ ಕೆಲಸ ಅವನಿಗೆ ಸಿಕ್ಕಿದೆ. ಅವನ ಮಾತನ್ನು ಪ್ರೇಕ್ಷಕ ಅರ್ಧ ದಾರಿಯಾದರೂ ಒಪ್ಪಬೇಕು. ಇಲ್ಲದಿದ್ದರೆ ಅದು ನಾಟಕವಾಗದೆ ಉಪದೇಶವಾಗುತ್ತದೆ.

4. ಪರಂಪರೆಯ ಕುಂದೂ ಕಾಣಲಿ. ಮೌಲಾಸಾಬ್ ಎರಡು ವರ್ಷದಿಂದ ಒಲ್ಲದ ಮೊಮ್ಮಗನ ಬೆನ್ನು ಹತ್ತಿದ್ದಾನೆ. ಅದೇ ಹೊತ್ತಿನಲ್ಲಿ ಮೊಮ್ಮಗಳು ಝರೀನಾ ಹಿಂದೆ ಕುಳಿತು ತಂತಿ ಬಡಿಯುತ್ತಲೇ ಇದ್ದಾಳೆ. ‘ಈ ವಿದ್ಯೆ ಹುಡುಗರದ್ದು’ ಎಂಬ ಹಳೆಯ ಅಭ್ಯಾಸ ಅವನ ಕಣ್ಣಿಗೆ ಪೊರೆಯಾಗಿದೆ. ಕಸುಬು ಸಾಯಲು ಹೊಸ ಕಾಲವೊಂದೇ ಕಾರಣವಲ್ಲ ಎಂಬುದನ್ನು ಈ ಒಂದು ವಿವರವೇ ಹೇಳುತ್ತದೆ.

5. ಅವನ ಭಾಷೆಗೆ ಗೌರವವಿರಲಿ. ನಮ್ಮ ರಂಗದ ಮೇಲೆ ಸಾಬರ ಪಾತ್ರ ಬಂದರೆ ತಪ್ಪು ಕನ್ನಡ ಆಡಿಸಿ ನಗಿಸುವ ಚಟವೊಂದಿದೆ. ಅದನ್ನು ಬಿಡಿ. ಬೀದರಿನಲ್ಲಿ ಮನೆಯೊಳಗೆ ದಖನಿ ಆಡುವವರು ಪೇಟೆಯಲ್ಲಿ ಆ ಸೀಮೆಯ ಕನ್ನಡವನ್ನು ನೀರು ಕುಡಿದಂತೆ ಆಡುತ್ತಾರೆ. ‘ದಾದಾ’, ‘ಬೇಟಾ’, ‘ಭಯ್ಯಾ’ ಎಂಬ ಸಂಬೋಧನೆಗಳಷ್ಟೇ ಸಾಕು.

ಒಂದು ಮಾದರಿ ದೃಶ್ಯ

(ಮೌಲಾಸಾಬ್ ಹೂದಾನಿ ಉಜ್ಜುತ್ತಿದ್ದಾನೆ. ಮುಂದೆ ಎರಡು ಬಟ್ಟಲು ಮಣ್ಣು. ಹಿಂದೆ ಝರೀನಾ ತಂತಿ ಬಡಿಯುತ್ತಿದ್ದಾಳೆ. ಸಲೀಂ ಬ್ಯಾಗ್ ಹಿಡಿದು ಬರುತ್ತಾನೆ.)

ಸಲೀಂ: ದಾದಾ, ಎಂಟೂವರೆ ಆಯ್ತು. ನಾ ಹೊರಡ್ತೀನಿ.

ಮೌಲಾಸಾಬ್: ಹೊರಡು ಬೇಟಾ. ಹೋಗೋ ಮುಂಚೆ ಇದರಾಗ ಯಾವ ಮಣ್ಣು ಅಂತ ಹೇಳಿ ಹೋಗು.

ಸಲೀಂ: ನಾ ಹೇಳಿದ್ರೇನು, ಬಿಟ್ರೇನು? ವ್ಯಾಪಾರಿ ಕರೇ ಬಣ್ಣ ಹೊಡದು ಕೊಡ್ರಿ ಸಾಕು ಅಂತಾನ. ಅರ್ಧ ದಿನದಾಗ ಕೆಲಸ ಮುಗೀತದ.

ಮೌಲಾಸಾಬ್: (ಉಜ್ಜುತ್ತಲೇ) ಬಣ್ಣ ಬೆಳ್ಳೀನೂ ಮುಚ್ಚತದ. ಮಣ್ಣು ಮುಚ್ಚೋದಿಲ್ಲ. ನೋಡು.

ಸಲೀಂ: (ಒಂದು ಬಟ್ಟಲಿನಿಂದ ಚಿಟಿಕೆ ಬಾಯಿಗಿಟ್ಟು) ಇದು.

(ಮೌಲಾಸಾಬನ ಕೈ ನಿಲ್ಲುತ್ತದೆ. ಮೌನ.)

ಝರೀನಾ: (ತಲೆ ಎತ್ತದೆ) ಅದು ಅಂಗಳದ್ದು ಭಯ್ಯಾ. ಇನ್ನೊಂದು ಕೋಟೇದು.

ಮೌಲಾಸಾಬ್: ನೀ ಯಾವಾಗ ರುಚಿ ನೋಡಿದಿ?

ಝರೀನಾ: ಎರಡು ವರ್ಷದಿಂದ ದಾದಾ. ನೀವು ಕೇಳಲಿಲ್ಲ.

(ಬಸ್ಸಿನ ಹಾರ್ನ್. ಸಲೀಂ ತಾತನ ಕೈಯನ್ನು ಕಣ್ಣಿಗೊತ್ತಿಕೊಂಡು ಹೊರಡುತ್ತಾನೆ. ಮೌಲಾಸಾಬ್ ಮಣ್ಣಿನ ಬಟ್ಟಲನ್ನು ನಿಧಾನವಾಗಿ ಹಿಂದಕ್ಕೆ ಸರಿಸುತ್ತಾನೆ.)

ಇಲ್ಲಿ ಯಾರೂ ಭಾಷಣ ಮಾಡಲಿಲ್ಲ, ಯಾರೂ ಸಾಯಲಿಲ್ಲ. ಆದರೆ ಒಂದು ವಿದ್ಯೆ ಕೈತಪ್ಪಿ ಹೋಗುವುದರಲ್ಲಿತ್ತು ಎಂಬುದು ಪ್ರೇಕ್ಷಕನ ಕಣ್ಣೆದುರೇ ನಡೆಯಿತು. ಝರೀನಾ ಅದನ್ನು ಮುಂದೆ ನಡೆಸಬಲ್ಲಳೇ, ಅವಳ ಕಾಲೇಜು ಏನಾಗುತ್ತದೆ, ಸಲೀಂ ಕಳಿಸುವ ಹಣವೇ ಅಂಗಡಿಯನ್ನು ಉಳಿಸುತ್ತದೆಯೇ ಎಂಬುದನ್ನು ತೆರೆದೇ ಬಿಡಬಹುದು. ಉತ್ತರವನ್ನು ಪ್ರೇಕ್ಷಕ ಮನೆಗೆ ಒಯ್ಯಲಿ.

ನಟನಿಗೆ ಒಂದು ಸೂಚನೆ. ವಯಸ್ಸನ್ನು ಬೆನ್ನಿನಲ್ಲಿ ತೋರಿಸಬೇಡಿ, ಕೆಲಸದಲ್ಲಿ ತೋರಿಸಿ. ಐವತ್ತು ವರ್ಷ ಉಳಿ ಹಿಡಿದವನು ಏಳುವಾಗ ತಡವಾಗಿ ಏಳಬಹುದು, ಆದರೆ ಉಳಿ ಹಿಡಿದಾಗ ಅವನ ಕೈ ನಡುಗದು. ಅಭ್ಯಾಸದ ಮೊದಲ ವಾರ ಮಾತನ್ನು ಕಲಿಯದೆ ಬರೀ ಕೆಲಸವನ್ನೇ ಕಲಿಯಿರಿ.

ನಿಮ್ಮ ಅಭ್ಯಾಸಕ್ಕೆ

ಬೀದರ್ ದೂರವಿದ್ದರೆ ನಿಮ್ಮ ಓಣಿಯಲ್ಲೇ ಹುಡುಕಿ. ಪಾತ್ರೆಗೆ ಕಲಾಯಿ ಹಾಕುವವರು, ರಂಜಾನಿನಲ್ಲಿ ಸಹರಿಗೆ ಮನೆಮನೆ ಎಬ್ಬಿಸುತ್ತಾ ಹೋಗುವವರು, ಕೈಯಿಂದ ಉರ್ದು ಬರೆಯುವ ಕಾತಿಬರು, ಹಾಸಿಗೆಗೆ ಹತ್ತಿ ಹಿಂಜುವ ಪಿಂಜಾರರು, ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ ಅಜ್ಜಿ. ಇವರಲ್ಲಿ ಒಬ್ಬರ ಬಳಿ ಅನುಮತಿ ಕೇಳಿ ಕುಳಿತು, ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ:

- ನಿಮಗೆ ಮಾತ್ರ ಗೊತ್ತಿರುವ, ಹೇಳಿಕೊಡಲು ಕಷ್ಟವಾದ ಒಂದು ಸಂಗತಿ ಯಾವುದು?
- ಕೆಲಸ ಸರಿಯಾಯಿತೆಂದು ನಿಮಗೆ ಹೇಗೆ ತಿಳಿಯುತ್ತದೆ? ವಾಸನೆಯಿಂದಲೋ, ಸದ್ದಿನಿಂದಲೋ, ಮುಟ್ಟಿಯೋ?
- ನಿಮ್ಮ ಮಕ್ಕಳು ಇದಕ್ಕೆ ಬಾರದಿರಲು ಅವರು ಹೇಳುವ ಕಾರಣವೇನು?
- ಹಳೆಯ ಪದ್ಧತಿಯಲ್ಲಿ ನೀವೇ ಬೇಡವೆನ್ನುವುದು ಏನಾದರೂ ಇದೆಯೇ?
- ಈ ವಾರ ನಿಮಗೆ ಏನು ಆಗಬೇಕಾಗಿದೆ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ, ನಾಟಕ ಶುರುವಾಗುವುದು ಅಲ್ಲಿಂದಲೇ. ಬರೆದ ದೃಶ್ಯ ಹತ್ತು ನಿಮಿಷ ಮೀರದಿರಲಿ, ಮೂರು ಪಾತ್ರಗಳು ಸಾಕು. ಪ್ರದರ್ಶನಕ್ಕೆ ಮೊದಲು ಅದನ್ನು ಆ ಹಿರಿಯರಿಗೇ ಓದಿ ಹೇಳಿ. ‘ಹೀಗಲ್ಲ, ಹೀಗೆ ಹಿಡಿಯಬೇಕು’ ಎಂದು ಅವರು ನಿಮ್ಮ ಕೈ ತಿದ್ದಿದರೆ, ಆ ತಿದ್ದುಪಡಿಯನ್ನು ರಂಗದ ಮೇಲೆ ಹಾಗೆಯೇ ಉಳಿಸಿಕೊಳ್ಳಿ.