ಜ್ವರ ಬಿಟ್ಟ ಮೇಲೆ ಉಳಿಯುವ ನಿತ್ರಾಣ

ರೋಗಿಯ ಮೈ ತಣ್ಣಗಾಯಿತೆಂದರೆ ರೋಗವು ಮುಗಿಯಿತೆಂದು ಎಣಿಸುವದು ನಮ್ಮ ಹಳ್ಳಿಗಳ ವಾಡಿಕೆ. ಎರಡು ದಿವಸ ಗಂಜಿ ಕುಡಿದು, ಮೈಗೆ ನೀರು ಹಾಕಿಸಿಕೊಂಡು, ಮೂರನೆಯ ದಿವಸ ಅವನು ಹೊಲಕ್ಕೆ ಹೋಗಬೇಕೆಂದು ಮನೆಯವರು ಕಾದಿರುತ್ತಾರೆ. ಅನೇಕರು ಹಾಗೆ ಹೋಗಿ ಸುಖವಾಗಿಯೂ ಇರುತ್ತಾರೆ. ಆದರೆ ಕೆಲವರು ಹೋಗಲಾರರು. ಜ್ವರವು ಬಿಟ್ಟು ತಿಂಗಳುಗಳಾದರೂ ಅವರ ಕೈಕಾಲುಗಳಲ್ಲಿ ತ್ರಾಣವಿರುವದಿಲ್ಲ. ಅವರ ಬುದ್ಧಿಗೆ ಮಂಜು ಕವಿದಂತಿರುವದು. ಇಂಥವರ ವಿಷಯವಾಗಿ ಈ ಪಾಠದಲ್ಲಿ ವಿಚಾರಿಸೋಣ.

೧. ನಮ್ಮ ತಪ್ಪು

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ೨೦೨೧ನೆಯ ಇಸವಿಯ ಬೇಸಿಗೆಯಲ್ಲಿ ಕೋವಿಡ್ ರೋಗದ ಎರಡನೆಯ ಅಲೆಯು ಹಳ್ಳಿಗಳೊಳಗೂ ಹೊಕ್ಕಾಗ, ನಮ್ಮ ಸಭೆಯ ಒಬ್ಬ ಸಹೋದರಿಗೆ ಆ ಜ್ವರವು ಬಂತು. ಹತ್ತು ದಿವಸಗಳಲ್ಲಿ ಅದು ಬಿಟ್ಟಿತು. ಆದರೆ ಎರಡು ತಿಂಗಳಾದ ಮೇಲೆಯೂ ಆಕೆಯು ಒಂದು ಕೊಡ ನೀರು ತಂದರೆ ಜಗಲಿಯ ಮೇಲೆ ಕೂತುಬಿಡುವಳು. ಒಲೆಯ ಮೇಲೆ ಎಸರಿಟ್ಟು ಹಿಟ್ಟು ಹಾಕುವದನ್ನು ಮರೆಯುವಳು. ಒಂದು ದಿನ ಮನಸ್ಸು ಗಟ್ಟಿಮಾಡಿ ಕಳೆ ಕೀಳಲು ಹೋದರೆ ಮುಂದಿನ ಎರಡು ದಿನ ಏಳಲಾರದೆ ಮಲಗುವಳು. ಅತ್ತೆಯು ಆಕೆಯನ್ನು ಸೋಮಾರಿ ಅಂದಳು. ನೆರೆಯವರು, ಯಾರದೋ ದೃಷ್ಟಿ ತಾಗಿದೆ, ತಾಯತ ಕಟ್ಟಿಸಿರಿ ಅಂದರು. ನಾವೋ ಆ ಮನೆಗೆ ಹೋಗಿ, "ನೋಡಮ್ಮಾ, ಮಲಗಿದಷ್ಟೂ ಮೈ ಜಡವಾಗುವದು, ಎದ್ದು ಕೆಲಸಮಾಡು, ಬಲವು ತಾನೇ ಬರುವದು" ಎಂದು ಬುದ್ಧಿ ಹೇಳಿ ಬಂದೆವು. ಆಕೆಯು ತಲೆ ತಗ್ಗಿಸಿ ಅತ್ತಳೇ ಹೊರತು ಉತ್ತರ ಕೊಡಲಿಲ್ಲ.

ಆ ಮಳೆಗಾಲದಲ್ಲಿ ಅದೇ ಜ್ವರವು ನಮಗೂ ಬಂತು. ವಾಸಿಯಾದೆವೆಂದು ನೆನಸಿ ಒಂದೇ ದಿನದಲ್ಲಿ ಮೂರು ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹೋಗಿ ಬಂದೆವು. ಆ ದಿನ ಏನೂ ಆಗಲಿಲ್ಲ. ಮರುದಿವಸ ಚಾಪೆಯಿಂದ ಏಳಲಾರದೆ ಹೋದೆವು. ಮುಂದಿನ ಆದಿತ್ಯವಾರ, ಅನೇಕ ವರುಷಗಳಿಂದ ಕಲಿಸುತ್ತಿದ್ದ ಪಾಠದ ನಡುವೆ ಮಾತು ತಪ್ಪಿತು; ಎದುರಿಗೆ ಕೂತಿದ್ದ ಹುಡುಗನ ಹೆಸರು ನೆನಪಿಗೆ ಬರಲಿಲ್ಲ. ಎಲ್ಲರೂ ನೋಡುತ್ತಿರಲು ನಾವು ಸುಮ್ಮನೆ ನಿಂತೆವು. ಆಗ ಆ ಸಹೋದರಿಯ ಮುಖವು ನಮ್ಮ ಕಣ್ಣೆದುರಿಗೆ ಬಂತು.

೨. ಇದು ಎಂಥ ಬಾಧೆ?

ವೈರಸ್ ಎಂಬ ಅತಿ ಸೂಕ್ಷ್ಮವಾದ ರೋಗಕಾರಕದಿಂದ ಬರುವ ಅನೇಕ ಜ್ವರಗಳು ಹೀಗೆ ನಿತ್ರಾಣವನ್ನು ಬಿಟ್ಟುಹೋಗುವವು. ಇದು ಹೊಸ ಸಂಗತಿಯಲ್ಲ. ೧೯೧೮ರ ಇನ್‌ಫ್ಲುಯೆಂಜಾ ಜ್ವರವು ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಬದುಕಿದವರಲ್ಲಿ ಅನೇಕರು ಬಹುಕಾಲ ಬಲಹೀನರಾಗಿದ್ದರೆಂದು ಅಂದಿನ ವೈದ್ಯರು ಬರೆದಿಟ್ಟರು. ಶಿವಮೊಗ್ಗ ಸೀಮೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯಿಂದ ಎದ್ದವರಿಗೂ ಬಲವು ನಿಧಾನವಾಗಿಯೇ ಬರುವದು. ೨೦೦೬ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಹಬ್ಬಿದ ಚಿಕೂನ್‌ಗುನ್ಯದ ಕೀಲುನೋವನ್ನು ತಿಂಗಳುಗಟ್ಟಲೆ ಅನುಭವಿಸಿದವರು ಈ ಪತ್ರಿಕೆಯ ವಾಚಕರಲ್ಲಿಯೂ ಇರಬಹುದು. ಕೋವಿಡ್ ವಿಷಯದಲ್ಲಿಯಾದರೋ, ಜ್ವರವು ಆರಂಭವಾದಂದಿನಿಂದ ಸುಮಾರು ಮೂರು ತಿಂಗಳಾದ ಮೇಲೆ ಕಂಡುಬಂದು, ಎರಡು ತಿಂಗಳಾದರೂ ನಿಲ್ಲುವ, ಬೇರೆ ಕಾರಣವಿಲ್ಲದ ಬಾಧೆಯನ್ನು ಒಂದು ನಿಜವಾದ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರ ಅಕ್ಟೋಬರ್ ತಿಂಗಳಲ್ಲಿ ವಿವರಿಸಿತು. ನಿತ್ರಾಣ, ಏದುಸಿರು, ಬುದ್ಧಿಯ ಮಂಕು ಇವು ಅದರ ಮುಖ್ಯ ಗುರುತುಗಳು.

ಇದರ ವಿಶೇಷ ಲಕ್ಷಣವೇನಂದರೆ, ಶಕ್ತಿಗೆ ಮೀರಿ ದುಡಿದ ಫಲವು ಆಗಲೇ ಕಾಣದೆ ಮರುದಿನವೋ ಮೂರನೆಯ ದಿನವೋ ಕಾಣುವದು. ಓದುವದು, ಲೆಕ್ಕ ಮಾಡುವದು, ಬಹಳ ಮಾತಾಡುವದು ಇವೂ ಮೈಗೆಲಸದಂತೆಯೇ ದಣಿಸುವವು. ಕೆಲವರಿಗೆ ಎದ್ದು ನಿಂತೊಡನೆ ಎದೆ ಹೊಡೆದುಕೊಂಡು ಕಣ್ಣು ಕತ್ತಲೆಯಾಗುವದು. ಇದನ್ನು ತೋರಿಸಿಕೊಡುವ ಒಂದೇ ರಕ್ತಪರೀಕ್ಷೆ ಇಲ್ಲ. ಆದದರಿಂದ ಪರೀಕ್ಷೆಗಳೆಲ್ಲಾ ಸರಿಯಾಗಿ ಬಂದವೆಂಬ ಮಾತ್ರಕ್ಕೆ ರೋಗಿಯು ಸುಳ್ಳಾಡುತ್ತಾನೆಂದು ನೆನಸತಕ್ಕದ್ದಲ್ಲ.

೩. ಎತ್ತಿನಿಂದ ಕಲಿಯತಕ್ಕ ಪಾಠ

ಒಕ್ಕಲಿಗರಾದ ವಾಚಕರಿಗೆ ಇದು ಕಷ್ಟವಾದ ಪಾಠವಲ್ಲ. ಕಾಲುಬಾಯಿ ರೋಗವೂ ವೈರಸ್ಸಿನಿಂದಲೇ ಬರುವದು. ಅದರ ಹುಣ್ಣುಗಳು ಮಾಯ್ದ ಮೇಲೆಯೂ ಕೆಲವು ಎತ್ತುಗಳು ತಿಂಗಳುಗಟ್ಟಲೆ ಬಿಸಿಲನ್ನು ತಾಳಲಾರದೆ, ನಾಲ್ಕು ಸಾಲು ಉಳುವಷ್ಟರಲ್ಲಿ ನಾಲಿಗೆ ಚಾಚಿ ತೇಕುವವು. ಆಗ ಬುದ್ಧಿವಂತನಾದ ರೈತನು ಬಾರುಕೋಲನ್ನು ಎತ್ತದೆ ನೊಗವನ್ನು ಇಳಿಸುವನು. ಯಾಕಂದರೆ ಇಂದು ಹೊಡೆದು ಉತ್ತರೆ ನಾಳೆ ಎತ್ತೇ ಇರಲಿಕ್ಕಿಲ್ಲವೆಂದು ಅವನಿಗೆ ಗೊತ್ತು. ಎತ್ತಿಗೆ ತೋರಿಸುವ ಈ ದಯೆಯನ್ನು ನಮ್ಮ ಸೊಸೆಗೂ ತಮ್ಮನಿಗೂ ಕೂಲಿಯಾಳಿಗೂ ಯಾಕೆ ತೋರಿಸಬಾರದು?

೪. ರೋಗಿಯು ಮಾಡತಕ್ಕದ್ದು

ಮೊದಲನೆಯದು, ವೈದ್ಯರಿಗೆ ತೋರಿಸಬೇಕು. ಎಲ್ಲಾ ನಿತ್ರಾಣವೂ ಜ್ವರದ ಶೇಷವಲ್ಲ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ, ಕ್ಷಯ ಇವುಗಳೂ ಮನುಷ್ಯನನ್ನು ಹೀಗೆಯೇ ಬಳಲಿಸುವವು, ಮತ್ತು ಇವುಗಳಿಗೆ ಔಷಧವುಂಟು. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಎದೆನೋವು, ಕೂತಲ್ಲಿಯೇ ಏದುಸಿರು, ಮೂರ್ಛೆ, ಮೈಯ ಒಂದು ಪಕ್ಕದಲ್ಲಿ ಬಲಹೀನತೆ ಇವು ಕಂಡರೆ ತಡಮಾಡದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು.

ಎರಡನೆಯದು, ಶಕ್ತಿಯನ್ನು ಅಳೆದು ಖರ್ಚುಮಾಡಬೇಕು. ಬೇಸಿಗೆಯ ಬಾವಿಯಲ್ಲಿ ಬೆಳಿಗ್ಗೆ ಆರು ಕೊಡ ನೀರಿದ್ದರೆ ನಾಲ್ಕೇ ಕೊಡ ಸೇದಿ ಒರತೆಗೆ ಸಮಯ ಕೊಡುವೆವು. ತಳದ ತನಕ ಸೇದಿದರೆ ಕೆಸರು ಬರುವದು. ಹಾಗೆಯೇ ದಣಿದ ಮೇಲೆ ಕೂಡ್ರುವದಲ್ಲ, ದಣಿಯುವದಕ್ಕೆ ಮುಂಚೆ ಕೂಡ್ರುವದು. ಮೈ ಹಗುರವಾಗಿರುವ ದಿನದಲ್ಲಿ ಬಾಕಿ ಕೆಲಸವನ್ನೆಲ್ಲಾ ತೀರಿಸಲು ಹೊರಡುವದೇ ದೊಡ್ಡ ಮೋಸ. ದಿನದಿನಕ್ಕೆ ಕೆಲಸವನ್ನು ಇಷ್ಟಿಷ್ಟೆಂದು ಹೆಚ್ಚಿಸಿದರೆ ಬಲ ಬರುವದೆಂದು ಹಿಂದೆ ವೈದ್ಯರೂ ಹೇಳುತ್ತಿದ್ದರು. ಆದರೆ ದುಡಿದಷ್ಟೂ ಹೆಚ್ಚುವ ದೀರ್ಘ ನಿತ್ರಾಣದವರ ವಿಷಯದಲ್ಲಿ ಇಂಗ್ಲೆಂಡಿನ ವೈದ್ಯರಿಗೆ ದಾರಿ ತೋರಿಸುವ ನೈಸ್ ಎಂಬ ಸಂಸ್ಥೆಯು ೨೦೨೧ರಲ್ಲಿ ಆ ಬುದ್ಧಿವಾದವನ್ನು ಕೈಬಿಟ್ಟಿತು. ಹಾಗೆಂದು ಸದಾ ಮಲಗಿಯೇ ಇರಬೇಕೆಂದಲ್ಲ. ಅಳತೆಯೊಳಗೆ ನಡೆದಾಡುತ್ತಾ, ಎರಡು ಮೂರು ವಾರ ತೊಂದರೆಯಿಲ್ಲದಿದ್ದರೆ ಮಾತ್ರ ಸ್ವಲ್ಪ ಹೆಚ್ಚಿಸಬಹುದು.

ಮೂರನೆಯದು, ಬುದ್ಧಿಯ ಮಂಕಿಗೆ ಊರುಗೋಲು ಕೊಡಬೇಕು. ಮಾಡತಕ್ಕದ್ದನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡಿರಿ. ಓದುಬಾರದವರು ಮಕ್ಕಳಿಂದ ನೆನಪುಮಾಡಿಸಿಕೊಳ್ಳಲಿ. ಒಂದು ಸಮಯದಲ್ಲಿ ಒಂದೇ ಕೆಲಸವನ್ನು ಹಿಡಿಯಿರಿ. ಕಷ್ಟದ ಲೆಕ್ಕಗಳನ್ನು ಬೆಳಗಿನ ಹೊತ್ತಿಗೆ ಇಡಿರಿ.

ನಾಲ್ಕನೆಯದು, ಮೋಸಹೋಗಬೇಡಿರಿ. ಇದನ್ನು ಒಂದೇ ಸಾರಿಗೆ ವಾಸಿಮಾಡುವ ಗುಳಿಗೆಯಾಗಲಿ ಸೂಜಿಮದ್ದಾಗಲಿ ಇಲ್ಲ. "ಶಕ್ತಿಯ ಬಾಟಲಿ" ಏರಿಸುವದಕ್ಕೋಸ್ಕರ ಸಾಲಮಾಡುವದಕ್ಕಿಂತ ಆ ಹಣಕ್ಕೆ ಮೊಟ್ಟೆ, ಬೇಳೆ, ಸೊಪ್ಪು ತರುವದು ಉತ್ತಮ.

೫. ಮನೆಯವರೂ ಸಭೆಯವರೂ ಮಾಡತಕ್ಕದ್ದು

ಕೂಲಿಯ ಮನೆಯಲ್ಲಿ ವಿಶ್ರಾಂತಿಯೆಂಬದು ಸುಲಭವಲ್ಲ. ಒಬ್ಬರು ಕೂತರೆ ಇನ್ನೊಬ್ಬರ ಬೆನ್ನು ಬಗ್ಗಬೇಕು. ಆದಕಾರಣ ನೆರೆಯವರು ಹಂಚಿಕೊಳ್ಳದೆ ಈ ರೋಗವು ವಾಸಿಯಾಗದು. ನಾವು ಆ ಸಹೋದರಿಯ ಮನೆಗೆ ಪುನಃ ಹೋಗಿ, ಅತ್ತೆಯ ಎದುರಿನಲ್ಲಿಯೇ ಆಕೆಯ ಕ್ಷಮೆ ಕೇಳಿದೆವು. ಅತ್ತೆಯು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಆಕೆಯೇ ಕೊಡವನ್ನು ಎತ್ತಿಕೊಂಡು ನಲ್ಲಿಗೆ ಹೋದಳೆಂದು ಕೇಳಿದೆವು. ಮೂರು ಮನೆಯ ಹೆಂಗಸರು ಸರದಿಯಿಂದ ಸೌದೆ ತಂದರು. ಒಂದೂವರೆ ವರುಷದ ಮೇಲೆ ಆಕೆಯು ಅರ್ಧ ದಿನ ಕಳೆ ಕೀಳುವಷ್ಟಾದಳು. ಪೂರ್ತಿ ಮೊದಲಿನಂತಾದಳೆಂದು ಹೇಳಲಾರೆವು. ಆದರೆ ಈಗ ಅಳುವದಿಲ್ಲ.

ಸೋಮಾರಿಯೆಂಬ ಮಾತನ್ನು ದಿನವೂ ಕೇಳಿದವರು ಬದುಕಿನಲ್ಲಿ ಬೇಸರಗೊಳ್ಳುವದುಂಟು. ಅಂಥ ಮಾತು ಅವರ ಬಾಯಿಂದ ಬಂದರೆ ಹಗುರವಾಗಿ ಎಣಿಸಬೇಡಿರಿ. ಅವರನ್ನು ಒಂಟಿಯಾಗಿ ಬಿಡಬೇಡಿರಿ. ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ ೧೪೪೧೬ರಲ್ಲಿ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಇದು ನಂಬಿಕೆಯ ಕೊರತೆಯೆಂದು ಹೇಳುವವರು ಅರಸುಗಳ ಮೊದಲನೆಯ ಪುಸ್ತಕದ ೧೯ನೆಯ ಅಧ್ಯಾಯವನ್ನು ಓದಲಿ. ಬಳಲಿ ಗಿಡದ ಕೆಳಗೆ ಮಲಗಿದ ಎಲೀಯನನ್ನು ದೇವದೂತನು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಅವನು ತಿಂದು ತಿರಿಗಿ ಮಲಗಿದಾಗ ಮಲಗಗೊಟ್ಟನು. ಪ್ರಯಾಣದ ಮಾತನ್ನು ಎರಡನೆಯ ಊಟದ ಹೊತ್ತಿಗೆ ಎತ್ತಿದನು. ನಾವು ಆ ಮನೆಗೆ ಮೊದಲ ಸಾರಿ ಬರಿಗೈಯಲ್ಲಿ ಹೋಗಿ ಪ್ರಯಾಣದ ಮಾತನ್ನೇ ಆಡಿ ಬಂದಿದ್ದೆವು.

ಪ್ರಶ್ನೆಗಳು

೧. ಜ್ವರವು ಬಿಟ್ಟ ಮಾತ್ರಕ್ಕೆ ರೋಗವು ಮುಗಿಯಿತೆಂದು ಯಾಕೆ ಹೇಳಬಾರದು?
೨. ದಣಿಯುವದಕ್ಕೆ ಮುಂಚೆ ಕೂಡ್ರಬೇಕೆಂಬದರ ಕಾರಣವೇನು?
೩. ಯಾವ ಗುರುತುಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?
೪. ನಿಮ್ಮ ಬೀದಿಯಲ್ಲಿ ಸೋಮಾರಿಯೆಂದು ಹೆಸರು ಪಡೆದವರು ಯಾರಾದರೂ ಇದ್ದಾರೋ? ಈ ವಾರ ಅವರ ಮನೆಗೆ ಏನು ತೆಗೆದುಕೊಂಡು ಹೋಗುವಿರಿ?